ಹತ್ತೊಂಬತ್ತನೇ ಮಂಚದ ಹೆಸರು

ಬೆಳಗಿನ ಐದೂಕಾಲು. ವಾರ್ಡಿನಲ್ಲಿ ಇನ್ನೂ ದೀಪ ಹಾಕಿಲ್ಲ. ಎತ್ತರದ ಕಿಟಕಿಗಳಿಂದ ಬೂದು ಬೆಳಕು ಆಗಷ್ಟೇ ಒಳಗಿಳಿಯುತ್ತಿದೆ. ಎರಡು ಸಾಲು ಕಬ್ಬಿಣದ ಮಂಚ, ಸಾಲಿಗೆ ಹನ್ನೆರಡು. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಒಬ್ಬ ಹೆಂಗಸು ನಿಂತಿದ್ದಾರೆ. ವಯಸ್ಸು ಐವತ್ತೆರಡು. ಕಪ್ಪು ಕೋಟನ್ನು ಮಡಿಸಿ ಚೀಲಕ್ಕೆ ತುರುಕಿದ್ದಾರೆ, ಚಪ್ಪಲಿ ಹೊರಗೆ ಬಿಟ್ಟಿದ್ದಾರೆ. ಸದ್ದಾಗುತ್ತದೆಂದು ಬಿಟ್ಟಿದ್ದಲ್ಲ, ಇಲ್ಲಿ ಮಲಗಿರುವ ಇಪ್ಪತ್ತಮೂರು ಹೆಂಗಸರಲ್ಲಿ ಒಬ್ಬರಿಗೂ ಕಿವಿ ಕೇಳದು. ಆದರೆ ಇದು ಹಳೆಯ ಹಲಗೆಯ ನೆಲ. ಹೆಜ್ಜೆ ಜೋರಾಗಿ ಇಟ್ಟರೆ ಅದರ ನಡುಕ ಮಂಚದ ಕಾಲು ಹತ್ತಿ ಮಲಗಿದವರ ಬೆನ್ನಿಗೆ ಮುಟ್ಟುತ್ತದೆ.

ಮೊದಲು ಮೂರನೇ ಮಂಚದಿಂದ ಒಂದು ಕೈ ಮೇಲೇಳುತ್ತದೆ. ಆಮೇಲೆ ಎಂಟನೆಯದರಿಂದ. ಆಮೇಲೆ ಎದುರು ಸಾಲಿನಿಂದ ಮೂರು ನಾಲ್ಕು ಒಟ್ಟಿಗೆ. ಒಬ್ಬೊಬ್ಬರಾಗಿ ಎದ್ದು ಕೂರುತ್ತಾರೆ, ಹೊದಿಕೆಯನ್ನು ಮೊಣಕಾಲಿಗೆ ಎಳೆದುಕೊಳ್ಳುತ್ತಾರೆ, ಬಾಗಿಲ ಕಡೆಗೆ ಮುಖ ಮಾಡುತ್ತಾರೆ. ಗೋಡೆಗೆ ಒರಗಿದ ವಕೀಲಮ್ಮನಿಗೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಅಲ್ಲ. ಎಲ್ಲರ ಕಣ್ಣೂ ಅವರ ಪಕ್ಕದಲ್ಲಿರುವ ಮಂಚದ ಮೇಲಿದೆ. ಅದು ಖಾಲಿ. ಹಾಸಿಗೆಯಿಲ್ಲ, ದಿಂಬಿಲ್ಲ, ಬರೀ ಕಬ್ಬಿಣದ ಪಟ್ಟಿಗಳು. ತಲೆಕಡೆಯ ಸರಳಿನ ಮೇಲೆ ಬಿಳಿ ಬಣ್ಣದಲ್ಲಿ ಹತ್ತೊಂಬತ್ತು ಎಂದು ಬರೆದಿದೆ.

ಇಪ್ಪತ್ತಮೂರು ಬಲಗೈಗಳು ಏಳುತ್ತವೆ. ಅಂಗೈ ಮುಖದ ಮುಂದೆ ಎಡದಿಂದ ಬಲಕ್ಕೆ, ಬಾಗಿಲು ಎಳೆದುಕೊಳ್ಳುವ ಹಾಗೆ ಸರಿದು, ಎದೆಯ ಮೇಲೆ ಬಂದು ನಿಲ್ಲುತ್ತದೆ. ಒಂದು ಉಸಿರಿನ ಸದ್ದೂ ಇಲ್ಲ. ಎಲ್ಲರೂ ಹಾಗೇ ಕೈ ಎದೆಯ ಮೇಲಿಟ್ಟುಕೊಂಡು ಖಾಲಿ ಮಂಚವನ್ನು ನೋಡುತ್ತಾ ಕಾಯುತ್ತಾರೆ. ನಂತರ, ಅಲ್ಲಿಂದ ಏನೋ ಉತ್ತರ ಬಂತೆನ್ನುವಂತೆ ತಲೆಯಾಡಿಸಿ, ಕಾಲು ಕೆಳಗಿಟ್ಟು ದಿನದ ಕೆಲಸಕ್ಕೆ ಏಳುತ್ತಾರೆ.

ಹೊಸಿಲಿನಾಚೆ ನಿಂತ ಆಯಾ ಒಳಗೆ ಕಾಲಿಡುವುದಿಲ್ಲ. ಅಲ್ಲಿಂದಲೇ ಪಿಸುಗುಡುತ್ತಾರೆ: "ನಾನು ಹೇಳ್ಲಿಲ್ವಾ ಮೇಡಂ? ದಿನಾ ಹೀಗೇ. ಅಲ್ಲಿ ಯಾರೋ ಇದಾರೆ. ಇವರಿಗೆ ಕಾಣ್ಸುತ್ತೆ, ನಮಗೆ ಕಾಣ್ಸಲ್ಲ."

ವಕೀಲಮ್ಮನ ಕಣ್ಣು ಖಾಲಿ ಮಂಚದ ಮೇಲಿಲ್ಲ, ಆ ಕೈಗಳ ಮೇಲಿದೆ. ಆ ಸನ್ನೆಯನ್ನು ಅವರು ಮೊದಲೇ ನೋಡಿದ್ದಾರೆ. ಮೂರು ತಿಂಗಳ ಹಿಂದೆ ನ್ಯಾಯಾಲಯದಲ್ಲಿ ಇದೇ ವಾರ್ಡಿನ ಒಬ್ಬ ಹೆಂಗಸು ಅದನ್ನು ಮಾಡಿದ್ದಳು. ಅದರ ಅರ್ಥ ಇದು ಎಂದು ನ್ಯಾಯಾಧೀಶರಿಗೆ ಬಾಯಿಬಿಟ್ಟು ಹೇಳಿದವರು ಇವರೇ.

ನ್ಯಾಯಾಲಯದ ಪಡಸಾಲೆಯಲ್ಲಿ ಇವರನ್ನು ಕೈಮಾತಿನ ವಕೀಲಮ್ಮ ಎಂದೇ ಎಲ್ಲರೂ ಕರೆಯುವುದು. ಅಂಗವಿಕಲರ ಹಕ್ಕುಗಳಿಗಾಗಿ ವಾದಿಸಲು ಶುರುಮಾಡಿ ಇಪ್ಪತ್ತೇಳು ವರ್ಷವಾಯಿತು. ಪತ್ರಿಕೆಯಲ್ಲಿ ಫೋಟೋ ಬಂದಿದ್ದು ಒಂದೇ ಸಲ, ಅದೂ ಇನ್ಯಾರದೋ ಸನ್ಮಾನದ ಚಿತ್ರದಲ್ಲಿ ಅರ್ಧ ಕಿವಿ ಮತ್ತು ಒಂದು ಭುಜ. ಈಗ ಕೈಯಲ್ಲಿ ನಲವತ್ತಮೂರು ಮೊಕದ್ದಮೆಗಳಿವೆ. ಕಣ್ಣು ಕಾಣದ ಮೇಷ್ಟ್ರನ್ನು ಪಾಠ ಬಿಡಿಸಿ ಗ್ರಂಥಾಲಯದ ಬಾಗಿಲು ಕಾಯಲು ಹಾಕಿದ್ದು, ಗಾಲಿಕುರ್ಚಿಯ ಹುಡುಗಿಗೆ ಶಾಲೆಯವರು ಜಾಗವಿಲ್ಲ ಎಂದಿದ್ದು, ಬುದ್ಧಿ ಬೆಳೆದಿಲ್ಲವೆಂದು ಬರೆಸಿ ಅಣ್ಣಂದಿರೇ ಆಸ್ತಿಪತ್ರಕ್ಕೆ ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದು. ಬೆಳಗ್ಗೆ ನಾಲ್ಕೂವರೆಗೆ ಏಳುತ್ತಾರೆ, ಎರಡು ಬಸ್ಸು ಬದಲಿಸುತ್ತಾರೆ, ವಾರಕ್ಕೆ ಐದು ಆಶ್ರಯಧಾಮಗಳಿಗೆ ಹೋಗುತ್ತಾರೆ. ಹನ್ನೊಂದಕ್ಕೆ ನ್ಯಾಯಾಲಯದಲ್ಲಿರಬೇಕು. ಅಂಗವಿಕಲರ ದೂರು ಕೇಳುವ ಕಚೇರಿ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟಿಗೆ ಬೀಗ. ಬೀಗದ ಕೈ ಇರುವವರು ಸದಾ ಊಟಕ್ಕೆ ಹೋಗಿರುತ್ತಾರೆ. ಇದನ್ನು ಹೇಳುವಾಗ ವಕೀಲಮ್ಮ ನಗುತ್ತಾರೆ, ಕೇಳುವವರಿಗೆ ಮೈ ಉರಿಯುತ್ತದೆ.

"ಕಾನೂನು ಓದೋ ಮಕ್ಕಳು ಬಂದು ಕೇಳ್ತಾರೆ, ಮೇಡಂ, ಈ ಕಡೆ ಬಂದ್ರೆ ಭವಿಷ್ಯ ಇದೆಯಾ ಅಂತ. ಕೆಲಸಕ್ಕೇನೂ ಬರ ಇಲ್ಲಪ್ಪಾ, ಕಕ್ಷಿದಾರರು ಕಾದು ಕೂತಿದಾರೆ, ಕೆಲವರು ಮೂವತ್ತು ವರ್ಷದಿಂದ ಅಂತೀನಿ. ಒಂದು ವಾರ ಬಂದು ಟಿಪ್ಪಣಿ ಬರ್ಕೊಳ್ತಾರೆ, ಆಮೇಲೆ ಕಾಣಲ್ಲ. ತಪ್ಪು ಅಂತ ಹೇಳಲ್ಲ. ಬಸ್ಸೇ ಎರಡು ಬದಲಿಸ್ಬೇಕಲ್ಲ!"

ಕೈಮಾತು ಅವರಿಗೆ ಕಲಿತು ಬಂದದ್ದಲ್ಲ, ತೊಟ್ಟಿಲಿನಿಂದ ಬಂದದ್ದು. ಅಪ್ಪ, ಅಮ್ಮ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಅಪ್ಪ ಛಾಪಾಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ಅಮ್ಮ ಅಲ್ಲೇ ಪುಸ್ತಕ ಹೊಲಿಯುತ್ತಿದ್ದರು. ಯಂತ್ರಗಳ ಗದ್ದಲ ಇವರನ್ನೇನೂ ಮಾಡದೆಂದು ಮಾಲೀಕರಿಗೆ ಸಂತೋಷ, ಹಾಗಾಗಿ ಅತಿ ಗದ್ದಲದ ಮೂಲೆ ಇವರದೇ. ಮನೆಗೆ ಕೇಳಿಸುವ ಕಿವಿ ಎಂದರೆ ಮಗಳೊಬ್ಬಳದು. ಎಂಟು ವರ್ಷಕ್ಕೇ ದುಭಾಷಿ. ಬಾಡಿಗೆಯ ಜಗಳದಲ್ಲಿ ಮನೆಯ ಯಜಮಾನರ ಬೈಗುಳವನ್ನು ಅರ್ಧಕ್ಕರ್ಧ ಕತ್ತರಿಸಿ ಅಮ್ಮನಿಗೆ ದಾಟಿಸುತ್ತಿದ್ದಳಂತೆ, ಅಮ್ಮನ ಬೈಗುಳವನ್ನು ಪೂರ್ತಿ ಕತ್ತರಿಸಿ ಯಜಮಾನರಿಗೆ. "ಆ ಮನೇಲಿ ಹದಿನಾಲ್ಕು ವರ್ಷ ಇದ್ವಿ. ಸರಿಯಾಗಿ ಅನುವಾದ ಮಾಡಿದ್ರೆ ಹದಿನಾಲ್ಕು ದಿನ ಇರ್ತಿರ್ಲಿಲ್ಲ," ಎಂದು ವಕೀಲಮ್ಮ ಹೇಳುತ್ತಾರೆ. ಈ ಜಾಣತನವೇ ಮುಂದೆ ಮುಳುವಾಯಿತು.

ಮೂಲೆಯಮ್ಮನ ಮೊಕದ್ದಮೆ ಬಂದದ್ದು ಎರಡು ವರ್ಷದ ಹಿಂದೆ. ಮೂಲೆಯಮ್ಮ ಎಂದರೆ ವಾರ್ಡಿನ ಒಂದನೇ ಮಂಚದವಳು. ಮೂವತ್ತೊಂದು ವರ್ಷದ ಹಿಂದೆ, ಇಪ್ಪತ್ತರ ಆಸುಪಾಸಿನಲ್ಲಿದ್ದ ಆಕೆಯನ್ನು ಯಾರೋ ನಿಲ್ದಾಣದಿಂದ ತಂದು ಬಿಟ್ಟಿದ್ದರು. ಹೆಸರು ಗೊತ್ತಿಲ್ಲ, ಬುದ್ಧಿ ಬೆಳೆದಿಲ್ಲ ಎಂದು ದಾಖಲೆಯಲ್ಲಿ ಬರೆದರು. ಕಿವಿ ಪರೀಕ್ಷೆ ಮಾಡಿಸಿದ್ದು ಮಾತ್ರ ಇಪ್ಪತ್ತೆಂಟು ವರ್ಷದ ನಂತರ. ವಕೀಲಮ್ಮ ಮೊದಲ ಸಲ ಮುಂದೆ ಕೂತು ಕೈಯಾಡಿಸಿದಾಗ ಆಕೆ ಎಡೆಬಿಡದೆ ಎರಡು ಗಂಟೆ ಮಾತಾಡಿದಳು. ಬುದ್ಧಿಗೆ ಏನೂ ಆಗಿರಲಿಲ್ಲ. ಬರೆದವರ ಬುದ್ಧಿಗೆ ಆಗಿರಬಹುದು.

ಹೊರಗೆ ಸಣ್ಣ ಮನೆಯೊಂದಿದೆ. ಇಂಥ ಐದಾರು ಹೆಂಗಸರು ಒಟ್ಟಿಗಿದ್ದು, ಹೊಲಿಗೆ ಕೆಲಸ ಮಾಡುತ್ತಾ, ತಮ್ಮ ಬಾಗಿಲ ಬೀಗವನ್ನು ತಾವೇ ಹಾಕಿ ತೆಗೆಯುವ ಮನೆ. ಮೂಲೆಯಮ್ಮನನ್ನು ಅಲ್ಲಿಗೆ ಬಿಡಿ ಎಂಬುದೇ ಅರ್ಜಿ. ಆಶ್ರಯಧಾಮದವರ ತಕರಾರು, ಆಕೆಗೆ ಸ್ವಂತ ಇಚ್ಛೆ ಎಂಬುದೇ ಇಲ್ಲ ಎಂದು. ಸರಿ, ಆಕೆಯನ್ನೇ ಕೇಳೋಣ ಎಂದರು ನ್ಯಾಯಾಧೀಶರು. ಗೊತ್ತುಮಾಡಿದ್ದ ದುಭಾಷಿ ಅಂದು ಬರಲಿಲ್ಲ. ಇನ್ನೊಂದು ದಿನಾಂಕ ಕೇಳಬಹುದಿತ್ತು. ವಕೀಲಮ್ಮ ಕೇಳಲಿಲ್ಲ. ನ್ಯಾಯಾಲಯದ ದುಭಾಷಿಗಳ ಪಟ್ಟಿಯಲ್ಲಿ ಅವರ ಹೆಸರೂ ಇತ್ತು, ನಾನೇ ಮಾಡುತ್ತೇನೆ ಎಂದರು. ತನ್ನ ಕಕ್ಷಿದಾರಳ ಮಾತನ್ನು ತಾನೇ ಅನುವಾದ ಮಾಡಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಎದುರು ವಕೀಲರೂ ಅಂದು ಯಾಕೋ ಸುಮ್ಮನಿದ್ದರು.

"ಕೊಬ್ಬು ಕಣ್ರೀ. ನನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ ಅನ್ನೋ ಕೊಬ್ಬು," ಎನ್ನುತ್ತಾರೆ ಈಗ, ಮುಚ್ಚುಮರೆಯಿಲ್ಲದೆ.

ನ್ಯಾಯಾಧೀಶರು ಕೇಳಿದರು: "ಹೊರಗೆ ಹೋಗಲು ನಿನಗೆ ಇಷ್ಟವಿದೆಯೇ?" ವಕೀಲಮ್ಮ ಕೈಯಲ್ಲಿ ಕೇಳಿದರು. ಮೂಲೆಯಮ್ಮ ಅಂಗೈಯನ್ನು ಮುಖದ ಮುಂದೆ ಎಳೆದು ಎದೆಯ ಮೇಲಿಟ್ಟಳು. ಆಮೇಲೆ ಬೆರಳಿನಿಂದ ನೆಲದ ಕಡೆ ತೋರಿಸಿದಳು. ಬಾಗಿಲು ಹಾಕು, ನಾನು, ಇಲ್ಲಿ. ವಕೀಲಮ್ಮನಿಗೆ ಬೇಕಿದ್ದ ಉತ್ತರ ಇದಲ್ಲ. ಆದರೆ ದುಭಾಷಿಯಾಗಿ ನಿಂತವರು ಕೇಳಿದ್ದನ್ನೇ ಹೇಳಬೇಕು. ಬೈಗುಳ ಕತ್ತರಿಸುವ ಹಳೆಯ ಚಾಳಿ ಇಲ್ಲಿ ನಡೆಯದು. ಅವರು ಹೇಳಿದರು: "ಬಾಗಿಲು ಹಾಕಿ, ನಾನು ಇಲ್ಲೇ ಇರ್ತೀನಿ ಅಂತಿದಾರೆ." ನ್ಯಾಯಾಧೀಶರು ಹಾಗೇ ಬರೆಸಿದರು. ಅರ್ಜಿ ವಜಾ. ಬೇಕಿದ್ದರೆ ಆರು ತಿಂಗಳ ನಂತರ ಮತ್ತೆ ಬನ್ನಿ ಎಂದು ಕೊನೆಯಲ್ಲೊಂದು ಸಾಲು.

ಕಕ್ಷಿದಾರಳೇ ಬೇಡವೆಂದ ಮೇಲೆ ವಕೀಲರು ಫೈಲು ಕಟ್ಟಿಡುತ್ತಾರೆ. ಇವರಿಂದ ಆಗಲಿಲ್ಲ. ಮತ್ತೆ ಮತ್ತೆ ವಾರ್ಡಿಗೆ ಹೋದರು, ಯಾಕೆ ಬೇಡ ಅಂದೆ ಎಂದು ಕೇಳಿದರು. ಮೂಲೆಯಮ್ಮನ ಕೈ ಅರ್ಧಕ್ಕೇ ಬಿದ್ದುಹೋಗುತ್ತಿತ್ತು, ಕಣ್ಣೆವೆಗಳು ಮುಚ್ಚುತ್ತಿದ್ದವು. ಅದರ ಗುಟ್ಟು ಹೇಳಿದ್ದು ಆ ಆಯಾ. "ನೀವು ಬರೋದು ಹತ್ತು ಗಂಟೆಗೆ ಮೇಡಂ. ಏಳಕ್ಕೆ ಮಾತ್ರೆ ಕೊಡ್ತಾರೆ. ಮಾತ್ರೆ ಮುಂಚೆ ಕೈ ಮಾತಾಡುತ್ತೆ, ಆಮೇಲೆ ಕೈ ನಿದ್ದೆ ಮಾಡುತ್ತೆ. ಬೆಳಕು ಹರಿಯೋ ಹೊತ್ತಿಗೆ ಒಂದ್ಸಲ ಬಂದು ನೋಡಿ. ಆದ್ರೆ ಹೆದರ್ಕೋಬಾರ್ದು." ಹಾಗೆ ಬಂದು ನೋಡಿದ್ದೇ ಆ ಬೆಳಗು.

ವಾರ್ಡಿನಿಂದ ಹೊರಬಂದವರು ನೇರ ಕಚೇರಿಗೆ ಹೋಗಿ ಹತ್ತೊಂಬತ್ತನೇ ಮಂಚ ಯಾರದೆಂದು ಕೇಳಿದರು. ಗುಮಾಸ್ತರು ದಪ್ಪ ಪುಸ್ತಕ ತೆರೆದು ತೋರಿಸಿದರು. ಹದಿನೆಂಟು ಇದೆ, ಅದರ ಕೆಳಗೆ ಇಪ್ಪತ್ತಿದೆ. "ಹತ್ತೊಂಬತ್ತು ಅಂತ ಮಂಚಾನೇ ಇಲ್ಲ ಮೇಡಂ," ಎಂದರು ಗುಮಾಸ್ತರು, ಮೂವತ್ತು ಹೆಜ್ಜೆ ಆಚೆ ಆ ಮಂಚ ಇದ್ದ ಹಾಗೇ ಇರುವಾಗ. ಗದರಿಸಿ ಹೇಳಿದ್ದರೆ ಸುಳ್ಳೆಂದು ತಿಳಿಯಬಹುದಿತ್ತು. ಅವರು ನಂಬಿಯೇ ಹೇಳಿದರು.

ಇನ್ನೊಂದು ವಿಷಯ ತಲೆ ಕೊರೆಯುತ್ತಿತ್ತು. ಆ ವಾರ್ಡಿಗೆ ಈಚೆಗೆ ಬಂದ ಏಳು ಮಂದಿಯಿದ್ದಾರೆ. ಒಬ್ಬಳು ಬಂದು ಎರಡು ವಾರವೂ ಆಗಿಲ್ಲ. ಅವಳ ಕೈಯೂ ಖಾಲಿ ಮಂಚಕ್ಕೆ ಎದ್ದಿತ್ತು. ಅವಳು ಯಾರನ್ನು ನೋಡಿದ್ದಾಳೆ ಅಲ್ಲಿ?

ಅಮ್ಮನಿಗೆ ಈಗ ಎಪ್ಪತ್ತೆಂಟು, ಮಗಳ ಜೊತೆಗೇ ಇದ್ದಾರೆ. ಆ ಸಂಜೆ ಅಡುಗೆಮನೆಯ ದೀಪದ ಕೆಳಗೆ ಕೂತು ತರಕಾರಿ ಹೆಚ್ಚುತ್ತಿದ್ದರು. ಮಗಳು ಎದುರು ನಿಂತು ನಡೆದದ್ದನ್ನೆಲ್ಲ ಹೇಳಿ, ಆ ಸನ್ನೆಯನ್ನು ಮಾಡಿ ತೋರಿಸಿದಳು. ಅಮ್ಮ ಚಾಕು ಕೆಳಗಿಟ್ಟರು. ಇನ್ನೊಮ್ಮೆ ಮಾಡು ಎಂದರು. ಮಗಳು ಇನ್ನೊಮ್ಮೆ ಮಾಡಿದಳು.

"ಆಗ ಹುಬ್ಬು ಎಲ್ಲಿತ್ತು?" ಅಮ್ಮನ ಕೈ ಕೇಳಿತು.

ಮಗಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು. ವಾರ್ಡಿನಲ್ಲಿ ಇಪ್ಪತ್ತಮೂರು ಜೊತೆ ಹುಬ್ಬುಗಳು ಮೇಲೆ ಹೋಗಿದ್ದವು. ನ್ಯಾಯಾಲಯದಲ್ಲೂ ಮೇಲಿದ್ದವು.

"ಬಾಗಿಲು ಹಾಕು ಅನ್ನೋರು ಹುಬ್ಬು ಎತ್ತುತ್ತಾರೇನೇ, ಪೆದ್ದಿ? ಹುಬ್ಬು ಎತ್ತೋದು ಯಾರನ್ನಾದ್ರೂ ಕರೆಯುವಾಗ. ಅದು ಬಾಗಿಲಲ್ಲ, ಹೆಸರು! ನೀನು ಕೈ ಮಾತ್ರ ಓದಿದೀಯ, ಮುಖ ಓದಿಲ್ಲ. ಇದು ಕಿವಿ ಕೇಳೋರು ಮಾಡೋ ತಪ್ಪು."

ಕಿವಿ ಕೇಳದವರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ತಾನೇ ಇಟ್ಟುಕೊಳ್ಳುವಂತಿಲ್ಲ, ಇತರರು ಇಡಬೇಕು. ಕೆನ್ನೆಯ ಗುಳಿಗೋ, ನಡಿಗೆಗೋ, ಯಾವುದೋ ಒಂದು ದಿನ ಮಾಡಿದ ಎಡವಟ್ಟಿಗೋ ಇಡುತ್ತಾರೆ, ಅದು ಸಾಯುವವರೆಗೂ ಬಿಡದು. ಇದನ್ನು ತೊಟ್ಟಿಲಲ್ಲೇ ಕಲಿತವರು ವಕೀಲಮ್ಮ. ಐವತ್ತೆರಡನೇ ವಯಸ್ಸಿನಲ್ಲಿ ಅಮ್ಮನಿಂದ ಅಂಥ ಮಾತು ಕೇಳಬೇಕಾಯಿತು. ಬಾಗಿಲೆಳೆಯುವ ಆ ಸನ್ನೆ ಯಾರೋ ಒಬ್ಬಳ ಹೆಸರು, ಬಾಗಿಲಮ್ಮ ಅನ್ನೋಣ. ನ್ಯಾಯಾಲಯದಲ್ಲಿ ಮೂಲೆಯಮ್ಮ ಕೇಳಿದ್ದು ಇಷ್ಟೆ: ಬಾಗಿಲಮ್ಮ ಎಲ್ಲಿ? ಅವಳಿಲ್ಲದೆ ನಾನು ಹೇಗೆ ಹೋಗಲಿ, ಇಲ್ಲೇ ಕಾಯುತ್ತೇನೆ. ಹೋಗುವುದಿಲ್ಲ ಎಂದು ಆಕೆ ಹೇಳಿಯೇ ಇರಲಿಲ್ಲ.

ಮರುದಿನ ಮತ್ತೆ ಬೆಳಗಿನ ಜಾವಕ್ಕೆ ವಾರ್ಡಿಗೆ ಹೋದರು. ಎರಡು ಸಾಲಿನ ನಡುವೆ, ಎಲ್ಲರಿಗೂ ಕಾಣುವ ಕಡೆ ನಿಂತರು. ಮಡಿಸಿದ ತೋರುಬೆರಳನ್ನು ಗಲ್ಲಕ್ಕೆ ಒತ್ತಿ ಹಿಡಿದರು. ತಪ್ಪು ಎಂಬುದಕ್ಕೆ ಅಲ್ಲಿನ ಸನ್ನೆ ಅದು. ತಪ್ಪು ನನ್ನದು. ಮೂಲೆಯಮ್ಮ ಹೆಸರು ಹೇಳಿದಳು, ನಾನು ಬಾಗಿಲು ಅಂದೆ. ಅವಳು ಇನ್ನೂ ಇಲ್ಲಿರುವುದು ನನ್ನ ದೆಸೆಯಿಂದ. ಯಾರೂ ಕೈ ಎತ್ತಲಿಲ್ಲ. ಮೂಲೆಯಮ್ಮ ಗೋಡೆಗೆ ಮುಖ ತಿರುಗಿಸಿದಳು. ಕಿವಿ ಕೇಳದವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಏಟಿಲ್ಲ, ಎದುರಿನವರ ಬಾಯಿ ಹೊಲಿದುಬಿಟ್ಟ ಹಾಗೆ. ಒಂಬತ್ತು ದಿನ ಹಾಗೇ ನಡೆಯಿತು. ವಕೀಲಮ್ಮ ಒಂಬತ್ತೂ ದಿನ ಹೋಗಿ ಗೋಡೆ ನೋಡುತ್ತಿದ್ದ ಬೆನ್ನಿನ ಹಿಂದೆ ಕೂತು ಬಂದರು.

ಹತ್ತನೇ ದಿನ ಮೂಲೆಯಮ್ಮ ತಿರುಗಿ ಕೂತು ಕಥೆ ಹೇಳಿದಳು.

ಬಾಗಿಲಮ್ಮ ಅವಳಿಗಿಂತ ಹದಿನೈದು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಕಿವುಡು ಮಕ್ಕಳ ಶಾಲೆಗೆ ಹೋಗಿದ್ದವಳು. ವಾರ್ಡಿಗೆ ಕೈಮಾತು ಕಲಿಸಿದ್ದೇ ಅವಳು. ಅವಳು ಬರುವ ಮುಂಚೆ ಅಲ್ಲಿದ್ದವರಿಗೆ ಹಸಿವು, ನೋವು ಎಂದು ಹೇಳಿಕೊಳ್ಳಲೂ ಬರುತ್ತಿರಲಿಲ್ಲ. ಮತ್ತೆ, ಅವಳು ಮಲಗುತ್ತಿದ್ದುದು ಬಾಗಿಲ ಹತ್ತಿರ. ಆ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಒಳಗೆ ಮಲಗಿದವರಿಗೆ ಬಾಗಿಲು ತೆರೆದದ್ದು ಕೇಳುವುದಿಲ್ಲ ಎಂದು ಗೊತ್ತಿದ್ದವರು ಬರುತ್ತಿದ್ದರು. ಅದಕ್ಕೇ ಅವಳು ದೀಪ ಆರಿಸುವ ಹೊತ್ತಿಗೆ ಬಾಗಿಲೆಳೆದು, ತನ್ನ ಮಂಚವನ್ನು ಅದಕ್ಕೆ ಅಡ್ಡ ಒತ್ತಿ, ಎದೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದಳು. ಬಾಗಿಲು ಅಲುಗಿದರೆ ಮಂಚ ಅಲುಗಬೇಕು, ತನಗೆ ಎಚ್ಚರವಾಗಬೇಕು. ಬೆಳಗ್ಗೆ ಎಲ್ಲರೂ ಅವಳ ಹೆಸರು ಕರೆಯುವರು, ಅವಳು ಮಂಚವನ್ನು ಪಕ್ಕಕ್ಕೆ ಸರಿಸುವಳು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಎಲ್ಲರೂ ಮಾತ್ರೆಯ ಮಂಪರಿನಲ್ಲಿದ್ದಾಗ, ಅವಳನ್ನು ವ್ಯಾನಿನಲ್ಲಿ ಕೂರಿಸಿ ಎಲ್ಲಿಗೋ ಕಳಿಸಿದರು. ಕಚೇರಿಯ ಪುಸ್ತಕದಿಂದ ಹತ್ತೊಂಬತ್ತು ಅಳಿದದ್ದೂ ಆಗಲೇ ಇರಬೇಕು.

"ಹೊಸಬರು ಬಂದ್ರೆ ಮೊದಲು ಅವಳ ಹೆಸರು ಕಲಿಸ್ತೀವಿ," ಎಂದಳು ಮೂಲೆಯಮ್ಮ. "ಅವಳು ಬಂದಾಗ ಗುರುತು ಹಿಡೀಬೇಕಲ್ಲ."

ಯಾರು ಬರುತ್ತಿದ್ದರು ಎಂಬುದರ ಮೊಕದ್ದಮೆ ಬೇರೆಯೇ ನಡೆಯುತ್ತಿದೆ, ಅದರ ಬಗ್ಗೆ ವಕೀಲಮ್ಮ ತುಟಿ ಬಿಚ್ಚುವುದಿಲ್ಲ. ಅಂದು ಅವರಿಗೆ ಬೇಕಾಗಿದ್ದದ್ದು ವ್ಯಾನಿನ ಚಾಲಕ. ನಿವೃತ್ತಿಯಾಗಿ ಮಗಳ ಮನೆಯಲ್ಲಿದ್ದ ಆ ಮುದುಕರು ಕೇಳಿದ ತಕ್ಷಣ ಕೂತ ಜಾಗದಿಂದ ಎದ್ದು ನಿಂತರಂತೆ. "ಊರಾಚೆ ಇನ್ನೊಂದು ಧಾಮ ಇದೆಯಲ್ಲ, ಅಲ್ಲಿಗೆ ಬಿಟ್ಟು ಬಂದೆ. ದಾರಿ ಉದ್ದಕ್ಕೂ ಹಿಂದಿನ ಗಾಜಿನ ಮೇಲೆ ಕೈ ಆಡಿಸ್ತಾನೇ ಇದ್ರು. ಒಂದು ಸದ್ದಿಲ್ಲ. ಕನ್ನಡೀಲಿ ನೋಡೋಕೆ ಆಗ್ದೆ ಕನ್ನಡಿ ತಿರುಗಿಸಿಟ್ಟೆ. ಆಮೇಲೆ ಎಷ್ಟೋ ವರ್ಷ ಹಿಂದಿನ ಸೀಟಲ್ಲಿ ಯಾರೋ ಕೈ ಆಡಿಸ್ತಿದಾರೆ ಅಂತಾನೇ ಅನ್ನಿಸೋದು ನಂಗೆ."

ಆ ಇನ್ನೊಂದು ಧಾಮಕ್ಕೆ ಹೋಗಲು ವಕೀಲಮ್ಮನಿಗೆ ನ್ಯಾಯಾಲಯದ ಅಪ್ಪಣೆ ಸಿಗಲು ಆರು ವಾರ ಹಿಡಿಯಿತು. ಅಲ್ಲಿಗೂ ಬೆಳಗಿನ ಜಾವಕ್ಕೇ ಹೋದರು. ಕೊನೆಯ ಕೋಣೆ, ಕಿಟಕಿಯಿಲ್ಲ. ಹಾಸಿಗೆಯ ಮೇಲೆ ತೆಳ್ಳಗಿನ ಮುದುಕಿ. ಈ ನಡುವೆ ಕಣ್ಣೂ ಹೋಗಿದೆ ಎಂದರು ಅಲ್ಲಿನ ನರ್ಸ್. ಕತ್ತಲು, ಬೆಳಕು, ಸದ್ದು ಯಾವುದೂ ಇಲ್ಲದ ಜೀವ. ಐದೂವರೆಗೆ ಹೊರಗೆ ನೀರಿನ ಪಂಪು ಶುರುವಾಯಿತು. ಗೋಡೆ ಸಣ್ಣಗೆ ನಡುಗಿತು. ಗೋಡೆಗೆ ಬೆನ್ನು ಹಚ್ಚಿ ಮಲಗಿದ್ದ ಮುದುಕಿ ಎದ್ದು ಕೂತರು.

"ನೋಡಿ, ಶುರುವಾಯ್ತು. ಹನ್ನೊಂದು ವರ್ಷದಿಂದ ಇದೇ. ನಡುಕದ ಕಾಯಿಲೆ ಅಂತ ಬರೆದಿದಾರೆ," ಎಂದರು ನರ್ಸ್.

ಮುದುಕಿಯ ಕೈ ಎದ್ದಿತು. ಎರಡು ಬೆರಳು ಕೂಡಿಸಿ ಮೂಲೆಯಂತೆ ಹಿಡಿದರು. ಬಿಟ್ಟರು. ಕೆನ್ನೆಯ ಮೇಲೆ ಒಂದು ಚುಕ್ಕೆ. ಬಿಟ್ಟರು. ಹೆಗಲ ಮೇಲೆ ಜಡೆ ಎಸೆಯುವಂತೆ ಒಂದು ಸನ್ನೆ. ಒಂದಾದ ಮೇಲೊಂದು, ಪ್ರತಿಯೊಂದಕ್ಕೂ ಹುಬ್ಬು ಮೇಲೆ, ಪ್ರತಿಯೊಂದರ ನಂತರ ಒಂದಿಷ್ಟು ಹೊತ್ತು ಕಾಯುವುದು. ವಕೀಲಮ್ಮ ಎಣಿಸತೊಡಗಿದರು. ಒಂದನೇ ಮಂಚ, ಎರಡನೇ ಮಂಚ, ಮೂರನೇ ಮಂಚ. ಊರ ಆ ತುದಿಯಲ್ಲಿ ಆ ಇಪ್ಪತ್ತಮೂರು ಕೈಗಳು ಖಾಲಿ ಮಂಚದ ಕಡೆ ಏಳುವ ಹೊತ್ತಿಗೆ, ಈ ತುದಿಯಲ್ಲಿ ಈ ಮುದುಕಿ ಅವರನ್ನೆಲ್ಲ ಹೆಸರು ಹಿಡಿದು ಎಬ್ಬಿಸುತ್ತಿದ್ದರು. ಹದಿನೆಂಟಾದ ಮೇಲೆ ಒಂದು ಕ್ಷಣ ನಿಂತರು, ಅದು ಅವರ ಸ್ವಂತ ಮಂಚ. ಆಮೇಲೆ ಇಪ್ಪತ್ತು. ಒಟ್ಟು ಇಪ್ಪತ್ತಮೂರು ಹೆಸರು. ವಕೀಲಮ್ಮನಿಗೆ ಹದಿನಾರು ಗೊತ್ತಿದ್ದವು, ಏಳು ಗೊತ್ತಿರಲಿಲ್ಲ. ಆ ಏಳು ಮಂದಿ ಈ ಹನ್ನೊಂದು ವರ್ಷಗಳಲ್ಲಿ ತೀರಿಕೊಂಡಿದ್ದರು. ಅವರನ್ನೂ ಮುದುಕಿ ದಿನಾ ಎಬ್ಬಿಸುತ್ತಿದ್ದರು.

ವಕೀಲಮ್ಮ ಮಂಚದ ಪಕ್ಕ ಮೊಣಕಾಲೂರಿ, ಆ ಕೈಯ ಕೆಳಗೆ ತಮ್ಮ ಕೈ ತೂರಿಸಿ, ಎರಡು ಬೆರಳನ್ನು ಮೂಲೆಯಂತೆ ಕೂಡಿಸಿದರು. ಒಣಗಿದ ಬೆರಳುಗಳು ವಕೀಲಮ್ಮನ ತೋಳು ಹತ್ತಿ, ಕುತ್ತಿಗೆ ಹತ್ತಿ, ಮುಖವನ್ನೆಲ್ಲ ತಡಕಿದವು. ಅಲ್ಲ, ಇದು ಮೂಲೆಯಮ್ಮನ ಮುಖವಲ್ಲ. ಕೈ ಕೆಳಗಿಳಿದು ವಕೀಲಮ್ಮನ ಅಂಗೈಯೊಳಗೆ ಒಂದೇ ಪ್ರಶ್ನೆ ಕೇಳಿತು: "ಈಗ ಬಾಗಿಲು ಯಾರು ಹಾಕ್ತಾರೆ?"

"ಆ ಪ್ರಶ್ನೆ ಹೊತ್ಕೊಂಡೇ ವಾಪಸ್ ಬಂದೆ," ಎನ್ನುತ್ತಾರೆ ವಕೀಲಮ್ಮ.

ಆರು ತಿಂಗಳು ಕಳೆದು ಮೊಕದ್ದಮೆ ಮತ್ತೆ ಬಂದಾಗ ಅವರು ಮೊದಲು ಮಾಡಿದ ಕೆಲಸ ಎದ್ದು ನಿಂತು ತಪ್ಪೊಪ್ಪಿಕೊಂಡದ್ದು. "ಕಳೆದ ಸಲ ನಾನು ಅನುವಾದ ತಪ್ಪು ಮಾಡಿದೆ. ನಾನು ಆ ಕೆಲಸಕ್ಕೆ ನಿಲ್ಲಲೇಬಾರದಿತ್ತು." ಎದುರು ವಕೀಲರಿಗೆ ಬಯಸದೇ ಬಂದ ಭಾಗ್ಯ. ಸ್ವತಃ ದುಭಾಷಿಯೇ ತಪ್ಪೆಂದ ಮೇಲೆ ಈ ಕೈಯಾಟಕ್ಕೆಲ್ಲ ಅರ್ಥವಿದೆಯೆಂದು ನಂಬುವುದು ಹೇಗೆ, ಅರ್ಜಿಯನ್ನೇ ತಳ್ಳಿಹಾಕಿ ಎಂದರು. ವಕೀಲಮ್ಮ ಹೇಳಿದ್ದು ಒಂದೇ ಮಾತು: "ನನ್ನನ್ನು ತಳ್ಳಿಹಾಕಿ. ಅವರನ್ನು ಕೇಳಿ." ನ್ಯಾಯಾಧೀಶರು ಎರಡನ್ನೂ ಮಾಡಿದರು. ಇಪ್ಪತ್ತಮೂರು ವರ್ಷದಿಂದ ದುಭಾಷಿಗಳ ಪಟ್ಟಿಯಲ್ಲಿದ್ದ ಅವರ ಹೆಸರನ್ನು ಹೊಡೆದುಹಾಕಿದರು. ಬೇರೆ ಊರಿನಿಂದ ಇಬ್ಬರು ದುಭಾಷಿಗಳನ್ನು ಕರೆಸಿದರು, ಅದರಲ್ಲೊಬ್ಬರು ಸ್ವತಃ ಕಿವಿ ಕೇಳದವರು. ವಕೀಲಮ್ಮನಿಗೆ ಕೈ ಕಟ್ಟಿ ಕೂರಬೇಕೆಂದು ಆದೇಶ. ಅವರು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು.

ಅದೇ ಪ್ರಶ್ನೆ ಕೇಳಲಾಯಿತು. ಮೂಲೆಯಮ್ಮ ಇಬ್ಬರು ಹೊಸಬರ ಮುಖಗಳನ್ನೂ ನೋಡಿ, ಒಂದೊಂದು ಸನ್ನೆಯನ್ನೂ ಮಗುವಿಗೆ ತುತ್ತು ಕೊಡುವಷ್ಟು ನಿಧಾನವಾಗಿ ಮಾಡಿದಳು. ದುಭಾಷಿ ಹೇಳಿದರು: "ನಾನು ಹೊರಗೆ ಹೋಗ್ತೀನಿ. ಬಾಗಿಲಮ್ಮನ್ನ ಕರ್ಕೊಂಡು ಹೋಗ್ತೀನಿ. ಆದ್ರೆ ನಾವು ಹೋದ್ಮೇಲೂ ಅಲ್ಲಿ ಇಪ್ಪತ್ತೆರಡು ಜನ ಇರ್ತಾರೆ. ಆ ಬಾಗಿಲಿಗೆ ಒಳಗಡೆಯಿಂದ ಚಿಲಕ ಹಾಕಿಸಿ. ಅದಾದ್ಮೇಲೆ ಹೋಗ್ತೀನಿ."

ಸ್ವಂತ ಇಚ್ಛೆಯೇ ಇಲ್ಲ ಎಂದು ವಾದಿಸುತ್ತಿದ್ದ ವಕೀಲರು ಕೈಯಲ್ಲಿದ್ದ ಕಾಗದ ಕೆಳಗಿಟ್ಟು ಕೂತರು. ನ್ಯಾಯಾಧೀಶರು ಮೂರಕ್ಕೂ ಒಪ್ಪಿದರು. ಕೈಮಾತು ಬಲ್ಲ ಒಬ್ಬರು ಇಲ್ಲದೆ ಅಲ್ಲಿ ಯಾರಿಗೂ ಮಾತ್ರೆ ಕೊಡಕೂಡದೆಂದೂ ಬರೆಸಿದರು. ಬಡಗಿ ಬಂದು ಚಿಲಕ ಜಡಿಯುವವರೆಗೆ ಮೂಲೆಯಮ್ಮ ತನ್ನ ಗಂಟಿನ ಮೇಲೆ ಕೂತಿದ್ದಳು. ಹಾಕಿ ತೆಗೆದು, ಹಾಕಿ ತೆಗೆದು ನೋಡಿಯೇ ಎದ್ದಳು.

ಈಗ ಇಬ್ಬರೂ ಆ ಸಣ್ಣ ಮನೆಯಲ್ಲಿದ್ದಾರೆ. ಬಾಗಿಲಮ್ಮ ಈಗಲೂ ಬೆಳಗ್ಗೆ ಐದೂವರೆಗೆ ಎದ್ದು ಇಪ್ಪತ್ತಮೂರು ಹೆಸರು ಕರೆಯುತ್ತಾರೆ, ಏಳು ಸತ್ತವರನ್ನೂ ಸೇರಿಸಿ. ಹೊಸಬರೂ ಏಳು ಮಂದಿಯಿದ್ದಾರೆ ಎಂದು ಮೂಲೆಯಮ್ಮ ಕೈಯಲ್ಲಿ ಕೈಯಿಟ್ಟು ಹೇಳಿಕೊಟ್ಟ ಮೇಲೆ ಮೂವತ್ತಾಗಿದೆ. ಮನೆಯ ಉಳಿದವರಿಗೆ ಮೊದಮೊದಲು ಹೆದರಿಕೆಯಾಗುತ್ತಿತ್ತಂತೆ. ಒಮ್ಮೆ ನೋಡಲು ಹೋದ ವಕೀಲಮ್ಮನಿಗೂ, ಸತ್ತವರ ಹೆಸರಿನ ನಂತರ ಮುದುಕಿ ತಲೆಯಾಡಿಸಿದ್ದು ಕಂಡು, ಉತ್ತರ ಎಲ್ಲಿಂದ ಬಂತು ಎಂದು ಹಿಂದೆ ತಿರುಗಿ ನೋಡಬೇಕೆನ್ನಿಸಿತಂತೆ. ನೋಡಲಿಲ್ಲ.

ಇಷ್ಟು ವರ್ಷ ದುಡಿದದ್ದಕ್ಕೆ ಏನಾದರೂ ಸಿಕ್ಕಿತೇ ಎಂದರೆ ವಕೀಲಮ್ಮ ಮೊದಲು ಇಲ್ಲವೆಂದು ತಲೆಯಾಡಿಸಿಬಿಡುತ್ತಾರೆ, ಆಮೇಲೆ ನೆನಪಿಸಿಕೊಳ್ಳುತ್ತಾರೆ. ವಾರ್ಡಿನಲ್ಲಿ ಡಾಕ್ಟರಿಗೆ, ಆಯಾಗೆ, ಅಡ್ಡಾಡುವ ಬೆಕ್ಕಿಗೆ ಕೂಡ ಸನ್ನೆಯ ಹೆಸರಿತ್ತು. ಇವರಿಗೆ ಇರಲಿಲ್ಲ, ಬರೀ ಬೆರಳು ತೋರಿಸುತ್ತಿದ್ದರು. ಮೂಲೆಯಮ್ಮ ಹೊರಡುವ ದಿನ ಎಲ್ಲರೂ ಸೇರಿ ಒಂದು ಹೆಸರಿಟ್ಟರು. ಏನೆಂದು ಕೇಳಿದರೆ, ಮಡಿಸಿದ ತೋರುಬೆರಳನ್ನು ಗಲ್ಲಕ್ಕೆ ಒತ್ತಿ ಹುಬ್ಬು ಎತ್ತುತ್ತಾರೆ. ತಪ್ಪು. ಪಕ್ಕದಲ್ಲಿ ಕೂತ ಅಮ್ಮ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಬೇಜಾರಾಗಲಿಲ್ಲವೇ?

"ಬೇಜಾರಾ? ಆ ವಾರ್ಡಿಗೆ ಮೂವತ್ತೊಂದು ವರ್ಷದಲ್ಲಿ ಎಷ್ಟು ಡಾಕ್ಟರು, ಎಷ್ಟು ಅಧಿಕಾರಿಗಳು ಬಂದು ಹೋಗಿಲ್ಲ ಹೇಳಿ. ಆ ಸನ್ನೆನ ಅವರ ಮುಂದೆ ನಿಂತು ಮಾಡಿದೋರು ಒಬ್ಬರೂ ಇರ್ಲಿಲ್ವಂತೆ," ಎನ್ನುತ್ತಾರೆ ವಕೀಲಮ್ಮ, ಚೀಲದಿಂದ ಕಪ್ಪು ಕೋಟು ತೆಗೆದು ಕೊಡವುತ್ತಾ. "ಅದಕ್ಕೇ ಆ ಹೆಸರು ಇನ್ನೂ ಖಾಲಿ ಇತ್ತು."